ತಲೆಯ ಮೇಲೆ ಆಕಾಶ ಹೊತ್ತ ಕಾರು

ಒಗೆದ ಬಟ್ಟೆಯನ್ನು ತಂತಿಗೆ ಹಾಕಿ, ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಬಟ್ಟೆ ಗರಿಗರಿಯಾಗಿ ಒಣಗಿರುತ್ತಿತ್ತು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಅಂಥ ಊರು. ಸುತ್ತ ಮರುಭೂಮಿ, ಮನುಷ್ಯರಿಗಿಂತ ಎತ್ತರದ ಕಳ್ಳಿಗಳು. ನಾನೋ ಕುಂದಾಪುರದ ಕಡೆಯವಳು. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಟವೆಲ್ ಒಣಗಬೇಕಾದರೆ ಒಲೆಯ ಮೇಲೆ ಹಗ್ಗ ಕಟ್ಟಬೇಕು. ಸೈಕಲ್ಲನ್ನು ಒಂದು ವಾರ ಹೊರಗೆ ಬಿಟ್ಟರೆ ಸರಪಳಿ ಕೆಂಪಗಾಗಿರುತ್ತದೆ. ಈ ಎರಡು ಊರುಗಳ ಗಾಳಿಯನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಟೂಸಾನಿನಲ್ಲಿ ನನ್ನ ಮಗಳ ಮನೆಯ ಎದುರಿಗೆ ಒಬ್ಬ ಅಜ್ಜ ಇದ್ದರು. ಭಾನುವಾರ ಬೆಳಗಾದರೆ ತಮ್ಮ ಗ್ಯಾರೇಜಿನ ಬಾಗಿಲನ್ನು ಮೇಲಕ್ಕೆ ಎತ್ತುತ್ತಿದ್ದರು. ಒಳಗಿಂದ ನಿಧಾನಕ್ಕೆ ಹೊರಬರುತ್ತಿತ್ತು ಒಂದು ಕಾರು: ತಿಳಿ ಹಸಿರುನೀಲಿ ಬಣ್ಣ, ಬಿಳಿ ಬಟ್ಟೆಯ ಛಾವಣಿ, ಮೂತಿಯ ಮೇಲೆ ಎರಡು ಪುಟ್ಟ ರಾಕೆಟ್ಟುಗಳು, ಹಿಂದುಗಡೆ ಮೀನಿನ ಈಜುರೆಕ್ಕೆಯ ಹಾಗೆ ಎದ್ದುನಿಂತ ಎರಡು ಫಿನ್‌ಗಳು. ಐದು ಮೀಟರಿಗೂ ಉದ್ದ. ಅದು 1957ರ ಶೆವ್ರೊಲೆ ಬೆಲ್ ಏರ್. ಅಜ್ಜನ ತಂದೆ ಹೊಸದಾಗಿ ಕೊಂಡಿದ್ದಂತೆ. ಅಜ್ಜ ಮೆತ್ತನೆಯ ಬಟ್ಟೆಯಿಂದ ಅದರ ಮೈ ಒರೆಸುವುದನ್ನು ನೋಡಿದರೆ ನಮ್ಮೂರಲ್ಲಿ ಕರುವಿನ ಮೈ ತಿಕ್ಕುವವರ ನೆನಪಾಗುತ್ತಿತ್ತು.

ಏಳು ವರ್ಷದ ನನ್ನ ಮೊಮ್ಮಗ ಮೊದಲ ದಿನವೇ ಓಡಿಹೋಗಿ ಕೇಳಿದ್ದು ಒಂದೇ ಪ್ರಶ್ನೆ. "ಇದು ಇಷ್ಟು ಹಳೇದಾದ್ರೂ ಯಾಕೆ ಹಾಳಾಗಿಲ್ಲ?"

ಅಜ್ಜ ಉತ್ತರ ಕೊಡಲಿಲ್ಲ, ಬದಲಿಗೆ ಅವನಿಗೊಂದು ಸವಾಲು ಹಾಕಿದರು. "ಇದಕ್ಕೆ ಪೆಟ್ರೋಲ್ ಹಾಕೋ ಜಾಗ ಎಲ್ಲಿದೆ, ಹುಡುಕು ನೋಡೋಣ." ಮೊಮ್ಮಗ ಕಾರಿಗೆ ಮೂರು ಸುತ್ತು ಬಂದ. ಮುಚ್ಚಳವಿಲ್ಲ, ತೂತಿಲ್ಲ. ಕೊನೆಗೆ ಅಜ್ಜ ಎಡಗಡೆಯ ಫಿನ್ನಿನ ಹಿಂದಿನ ಅಂಚಿನಲ್ಲಿದ್ದ ಹೊಳೆಯುವ ಪಟ್ಟಿಯನ್ನು ಮೆಲ್ಲಗೆ ಎಳೆದರು. ಅದು ಪುಟ್ಟ ಬಾಗಿಲಿನಂತೆ ತೆರೆದುಕೊಂಡಿತು! ಪೆಟ್ರೋಲ್ ಟ್ಯಾಂಕಿನ ಬಾಯಿ ಅದರ ಹಿಂದೆ ಅಡಗಿತ್ತು. ಆ ದಿನದಿಂದ ಅವರಿಬ್ಬರೂ ಗೆಳೆಯರಾದರು.

ಛಾವಣಿ ಮಡಚಿಕೊಳ್ಳುವ ಇಂಥ ಕಾರುಗಳಿಗೆ ಕನ್ವರ್ಟಿಬಲ್ ಎಂದು ಹೆಸರು. ಅಜ್ಜ ಒಂದು ಗುಂಡಿ ಒತ್ತಿದರು. ಗುಂಯ್ ಎಂಬ ಸದ್ದಿನೊಡನೆ ಬಟ್ಟೆಯ ಛಾವಣಿ ಮೇಲಕ್ಕೆದ್ದು, ಕೊಡೆಯ ಕಡ್ಡಿಗಳ ಹಾಗೆ ಮಡಚಿಕೊಂಡು, ಹಿಂದಿನ ಸೀಟಿನ ಬೆನ್ನಿಗೆ ಹೋಗಿ ಮಲಗಿತು. ಅಷ್ಟು ಭಾರವನ್ನು ಎತ್ತಿದ್ದು ಎಣ್ಣೆ. ಒಂದು ವಿದ್ಯುತ್ ಮೋಟಾರು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಕೊಳವೆಯೊಳಗೆ ತಳ್ಳುತ್ತದೆ, ಆ ಎಣ್ಣೆ ಎರಡು ಬದಿಯ ಉರುಳೆಗಳೊಳಗಿನ ಸರಳುಗಳನ್ನು ತಳ್ಳುತ್ತದೆ. ನಿಮ್ಮೂರಿಗೆ ಜೆಸಿಬಿ ಬಂದಾಗ ಅದರ ತೋಳಿನ ಮೇಲೆ ಹೊಳೆಯುವ ಸರಳುಗಳು ಹೊರಗೆ ಬಂದು ಒಳಗೆ ಹೋಗುವುದನ್ನು ನೋಡಿದ್ದೀರಲ್ಲ? ಅದೇ ತತ್ವ. ದ್ರವವನ್ನು ಹಿಂಡಿ ಚಿಕ್ಕದು ಮಾಡಲು ಆಗುವುದಿಲ್ಲ. ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಹೋಗುತ್ತದೆ. ಸೂಜಿಯಿಲ್ಲದ ಎರಡು ಸಿರಿಂಜುಗಳಿಗೆ, ಒಂದು ಸಣ್ಣದು, ಒಂದು ದೊಡ್ಡದು, ನೀರು ತುಂಬಿ ನಳಿಕೆಯಿಂದ ಜೋಡಿಸಿ ನೋಡಿ. ಸಣ್ಣದನ್ನು ಬೆರಳಿನಿಂದ ಒತ್ತಿದರೆ ದೊಡ್ಡದು ಒಂದು ದಪ್ಪ ಪುಸ್ತಕವನ್ನೇ ಎತ್ತುತ್ತದೆ.

ಅದೇ 1957ರಲ್ಲಿ ಫೋರ್ಡ್ ಕಂಪನಿ ಸ್ಕೈಲೈನರ್ ಎಂಬ ಕಾರು ಮಾಡಿತ್ತು. ಅದರ ಛಾವಣಿ ಬಟ್ಟೆಯದಲ್ಲ, ಗಟ್ಟಿ ಉಕ್ಕಿನದು. ಇಡೀ ಉಕ್ಕಿನ ಛಾವಣಿ ತಾನೇ ಎದ್ದು ಹಿಂದಿನ ಡಿಕ್ಕಿಯೊಳಗೆ ಹೋಗಿ ಕೂರುತ್ತಿತ್ತು, ಸುಮಾರು 40 ಸೆಕೆಂಡಿನಲ್ಲಿ. ಏಳು ಮೋಟಾರುಗಳು, 180 ಮೀಟರಿಗೂ ಹೆಚ್ಚು ವೈರು. ಅದರೊಳಗೆ ಕಂಪ್ಯೂಟರ್ ಇರಲಿಲ್ಲ. ಒಂದು ಮೋಟಾರು ತನ್ನ ಕೆಲಸ ಮುಗಿಸಿದಾಗ ಒಂದು ಸ್ವಿಚ್ಚಿಗೆ ತಗಲುತ್ತಿತ್ತು, ಆ ಸ್ವಿಚ್ಚು ಮುಂದಿನ ಮೋಟಾರನ್ನು ಎಬ್ಬಿಸುತ್ತಿತ್ತು, ರಿಲೇ ಓಟದಲ್ಲಿ ಕೋಲು ದಾಟಿಸಿದ ಹಾಗೆ. ಆ ಜೋಡಣೆಯನ್ನು ಯೋಚಿಸಿದವರ ತಾಳ್ಮೆಯನ್ನು ನೆನೆದರೆ ನನಗೆ ಈಗಲೂ ಬೆರಗು.

ಅಜ್ಜ ನಮ್ಮನ್ನು ಒಂದು ಸುತ್ತು ಕರೆದುಕೊಂಡು ಹೋದರು. ಮುಂದಕ್ಕೆ ಹೋಗುವ ಕಾರಿನಲ್ಲಿ ಸೆರಗು ಹಿಂದಕ್ಕೆ ಹಾರುತ್ತದೆ ಎಂದುಕೊಂಡು ಕೂತಿದ್ದೆ. ಆಗಿದ್ದೇ ಬೇರೆ. ಬೇಗ ಹೋಗುತ್ತಿದ್ದಂತೆ ಸೆರಗು ಹಿಂದಿನಿಂದ ಬಂದು ನನ್ನ ಮುಖಕ್ಕೇ ಬಡಿಯತೊಡಗಿತು! ಮೊಮ್ಮಗನ ಕೂದಲೂ ಹಣೆಯ ಮೇಲೆ. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಇದೆಂಥ ವಿಚಿತ್ರ?

ಹೊಳೆಯಲ್ಲಿ ನೋಡಿದ್ದು ಆಗ ನೆನಪಾಯಿತು. ಹರಿಯುವ ನೀರಿನ ನಡುವೆ ಒಂದು ದೊಡ್ಡ ಬಂಡೆ ಇರುತ್ತದಲ್ಲ, ಅದರ ಹಿಂದೆ ನೀರು ನೇರವಾಗಿ ಹೋಗುವುದಿಲ್ಲ. ಸುತ್ತಿಕೊಂಡು ವಾಪಸು ಬಂಡೆಯ ಕಡೆಗೇ ಬರುತ್ತದೆ. ಅಲ್ಲಿ ಒಂದು ಎಲೆ ಹಾಕಿದರೆ ಅದು ಪ್ರವಾಹಕ್ಕೆ ಎದುರಾಗಿ ತೇಲುತ್ತದೆ. ಕಾರಿನ ಮುಂದಿನ ಗಾಜು ಆ ಬಂಡೆ ಇದ್ದ ಹಾಗೆ. ಗಾಳಿ ಗಾಜಿನ ಮೇಲಂಚಿನಿಂದ ಹಾರಿ ನಮ್ಮ ತಲೆಯ ಮೇಲೆ ದಾಟಿ ಹೋಗುತ್ತದೆ. ಗಾಜಿನ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಆ ಜಾಗವನ್ನು ತುಂಬಲು ಹಿಂದಿನ ಗಾಳಿ ಸುಳಿಯಾಗಿ ಮುಂದಕ್ಕೆ ನುಗ್ಗುತ್ತದೆ. ಆ ಕಾಲದ ಫೋಟೋಗಳಲ್ಲಿ ಇಂಥ ಕಾರುಗಳಲ್ಲಿ ಕೂತ ಹೆಂಗಸರು ತಲೆಗೆ ರೇಷ್ಮೆಯ ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಂಡಿರುತ್ತಾರೆ. ಅಂದಕ್ಕೆ ಎಂದೇ ಇಷ್ಟು ದಿನ ತಿಳಿದಿದ್ದೆ. ಗಾಳಿಯ ಸುಳಿಗೂ ಅದೇ ಮದ್ದು ಎಂದು ಸೆರಗು ಮುಖಕ್ಕೆ ಬಡಿದಾಗ ಗೊತ್ತಾಯಿತು.

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಛಾವಣಿಯೇ ಇಲ್ಲದ ಮೇಲೆ ಈ ಕಾರು ಹಗುರ ಇರಬೇಕಲ್ಲವೇ? ಇಲ್ಲ. ಗಟ್ಟಿ ಛಾವಣಿಯ ಬೆಲ್ ಏರ್‌ಗಿಂತ ಈ ಕನ್ವರ್ಟಿಬಲ್ಲೇ ಭಾರ, ಒಂದೂವರೆ ಟನ್ನಿಗಿಂತ ಸ್ವಲ್ಪ ಹೆಚ್ಚು. ಕಾರಣ ತಿಳಿಯಬೇಕಾದರೆ ಒಂದು ಚಪ್ಪಲಿ ಪೆಟ್ಟಿಗೆ ತನ್ನಿ. ಮುಚ್ಚಳ ಹಾಕಿ ಅಂಟಿಸಿ, ಎರಡು ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಸುಲಭಕ್ಕೆ ಬಗ್ಗುವುದಿಲ್ಲ. ಈಗ ಮುಚ್ಚಳ ತೆಗೆದು ತಿರುಚಿ. ಬಾಳೆಲೆಯಂತೆ ತಿರುಚಿಕೊಳ್ಳುತ್ತದೆ! ಆರೂ ಮುಖಗಳು ಒಂದನ್ನೊಂದು ಹಿಡಿದುಕೊಂಡಾಗ ಮಾತ್ರ ಪೆಟ್ಟಿಗೆ ಗಟ್ಟಿ. ಛಾವಣಿ ತೆಗೆದ ಕಾರೂ ಹಾಗೆಯೇ. ಹೊಂಡ ಹಾರಿದರೆ ಬಾಗಿಲುಗಳು ಸರಿಯಾಗಿ ಮುಚ್ಚದಷ್ಟು ಮೈ ತಿರುಚಬಹುದು. ಅದಕ್ಕೇ ಎಂಜಿನಿಯರುಗಳು ಕೆಳಗಿನ ಚೌಕಟ್ಟಿಗೆ ಗುಣಾಕಾರದ ಚಿಹ್ನೆಯ ಆಕಾರದಲ್ಲಿ ದಪ್ಪ ಉಕ್ಕಿನ ತೊಲೆಗಳನ್ನು ಕೂಡಿಸಿದರು. ಪೆಟ್ಟಿಗೆಯ ತಳಕ್ಕೆ ಮೂಲೆಯಿಂದ ಮೂಲೆಗೆ ಎರಡು ರಟ್ಟಿನ ಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿದರೆ ನಿಮಗೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಹಿಂದಿನ ಫಿನ್‌ಗಳ ಕಥೆ ಆಕಾಶದಿಂದ ಬಂದದ್ದು. ಎರಡನೆಯ ಮಹಾಯುದ್ಧದಲ್ಲಿ ಲಾಕ್‌ಹೀಡ್ ಪಿ-38 ಎಂಬ ಜೋಡಿ ಬಾಲದ ಯುದ್ಧವಿಮಾನವಿತ್ತು. ಜನರಲ್ ಮೋಟರ್ಸ್ ಕಂಪನಿಯ ವಿನ್ಯಾಸದ ಮುಖ್ಯಸ್ಥ ಹಾರ್ಲೆ ಅರ್ಲ್ ಆ ವಿಮಾನವನ್ನು ನೋಡಿ ಮರುಳಾದರು. 1948ರ ಕ್ಯಾಡಿಲ್ಯಾಕ್ ಕಾರಿನ ಹಿಂಭಾಗದಲ್ಲಿ ಎರಡು ಪುಟ್ಟ ಉಬ್ಬುಗಳು ಕಾಣಿಸಿಕೊಂಡವು. ವರ್ಷದಿಂದ ವರ್ಷಕ್ಕೆ ಅವು ಬೆಳೆದು 1959ರ ಕ್ಯಾಡಿಲ್ಯಾಕ್‌ನಲ್ಲಿ ಶಾರ್ಕ್ ಮೀನಿನ ರೆಕ್ಕೆಯಷ್ಟು ಎತ್ತರವಾದವು. ಕಾರನ್ನು ಓಡಿಸಲು ಅವುಗಳಿಂದ ಹೆಚ್ಚಿನ ಉಪಯೋಗವೇನೂ ಇರಲಿಲ್ಲ. ಆದರೆ ಅಂದಿನವರ ಕಣ್ಣು ಎಲ್ಲಿ ನೆಟ್ಟಿತ್ತು ಎಂಬುದನ್ನು ಅವು ಹೇಳುತ್ತವೆ. ಅಜ್ಜನ ಕಾರಿನ ಮೂತಿಯ ಮೇಲೆ ರಾಕೆಟ್ಟುಗಳಿದ್ದವು ಎಂದೆನಲ್ಲ? ಈ ಮಾದರಿಯ ಕಾರು ಅಂಗಡಿಗೆ ಬಂದದ್ದು 1956ರ ಅಕ್ಟೋಬರಿನಲ್ಲಿ. ಸೋವಿಯತ್ ಒಕ್ಕೂಟ ಮೊದಲ ಉಪಗ್ರಹ ಸ್ಪುಟ್ನಿಕ್ಕನ್ನು ಹಾರಿಸಿದ್ದು 1957ರ ಅಕ್ಟೋಬರ್ 4ರಂದು. ಭೂಮಿಯನ್ನು ಒಂದು ಲೋಹದ ಚೆಂಡು ಸುತ್ತುವ ಒಂದು ವರ್ಷ ಮೊದಲೇ ಜನ ರಾಕೆಟ್ಟಿನ ಕನಸು ಕಟ್ಟಿಕೊಂಡು ರಸ್ತೆಯಲ್ಲಿ ಓಡಾಡುತ್ತಿದ್ದರು. ರಸ್ತೆಗಳೂ ಹೊಸವು: 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆಯಿಂದ ದೇಶದ ತುಂಬ 65 ಸಾವಿರ ಕಿಲೋಮೀಟರಿಗೂ ಹೆಚ್ಚು ಹೆದ್ದಾರಿಯ ಕೆಲಸಕ್ಕೆ ಚಾಲನೆ ಸಿಕ್ಕಿತು.

ಆ ಕಾಲವನ್ನು ಬರೀ ಚಂದ ಎಂದು ಹೇಳಿ ನಿಮ್ಮನ್ನು ಕಳಿಸಿದರೆ ನಾನು ಅರ್ಧ ಮಾತ್ರ ಹೇಳಿದಂತಾಗುತ್ತದೆ. ಅಂದಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಎಂಜಿನ್ನಿನೊಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಟಕಟಕ ಬಡಿಯುತ್ತಿತ್ತು. ಸೀಸದ ಒಂದು ಸಂಯುಕ್ತ ಸ್ವಲ್ಪ ಬೆರೆಸಿದರೆ ಆ ಬಡಿತ ನಿಲ್ಲುತ್ತದೆ ಎಂದು 1921ರಲ್ಲಿ ಥಾಮಸ್ ಮಿಜ್ಲಿ ಕಂಡುಹಿಡಿದಿದ್ದರು. ಎಂಜಿನ್ನಿಗೆ ಒಳ್ಳೆಯದಾಯಿತು. ಹೊಗೆಯ ಜೊತೆ ಹೊರಬಂದ ಸೀಸ ಮಾತ್ರ ಮಕ್ಕಳ ಮಿದುಳಿಗೆ ವಿಷ.

ಆ ಸೀಸ ಎಲ್ಲೆಲ್ಲಿ ಹೋಗಿ ಕೂತಿದೆ ಎಂದು ಪತ್ತೆಹಚ್ಚಿದವರು ಭೂಮಿಯ ವಯಸ್ಸು ಹುಡುಕುತ್ತಿದ್ದ ಒಬ್ಬ ವಿಜ್ಞಾನಿ, ಕ್ಲೇರ್ ಪ್ಯಾಟರ್ಸನ್. ಅರಿಜೋನಾದಲ್ಲೇ ಬಹಳ ಹಿಂದೆ ಬಿದ್ದು ದೊಡ್ಡ ಗುಂಡಿ ಮಾಡಿದ ಉಲ್ಕೆಯೊಂದಿದೆ. ಅದರ ಚೂರಿನಲ್ಲಿದ್ದ ಸೀಸವನ್ನು ಅಳೆದು, ಬೇರೆ ಉಲ್ಕೆಗಳ ಸೀಸದೊಡನೆ ಹೋಲಿಸಿ, ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದರು. ಆ ಅಳತೆ ಮಾಡುವಾಗ ಅವರಿಗೊಂದು ಕಾಟ: ಎಷ್ಟು ತೊಳೆದರೂ ಪ್ರಯೋಗಾಲಯದಲ್ಲಿ ಎಲ್ಲಿಂದಲೋ ಸೀಸ ಬಂದು ಸೇರುತ್ತಿತ್ತು. ಗಾಳಿಯಲ್ಲಿ, ಧೂಳಿನಲ್ಲಿ, ಎಲ್ಲೆಲ್ಲೂ. ಮುಂದೆ ಅವರು ಸಮುದ್ರದ ನೀರನ್ನೂ ಗ್ರೀನ್‌ಲ್ಯಾಂಡಿನ ಹಳೆಯ ಹಿಮವನ್ನೂ ಪರೀಕ್ಷಿಸಿ, ಈ ಸೀಸ ಮನುಷ್ಯರು ಹರಡಿದ್ದು, ಅದರಲ್ಲಿ ಪೆಟ್ರೋಲಿನ ಪಾಲು ದೊಡ್ಡದು ಎಂದು ತೋರಿಸಿದರು. ಸೀಸದ ಪೆಟ್ರೋಲನ್ನು ನಿಲ್ಲಿಸಲು ವರ್ಷಗಟ್ಟಲೆ ಹೋರಾಡಿದರು. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು; ಜಗತ್ತಿನಲ್ಲಿ ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಅಜ್ಜನ ಕಾರು ಈಗ ಸೀಸವಿಲ್ಲದ ಪೆಟ್ರೋಲನ್ನೇ ಕುಡಿಯುತ್ತದೆ. ಅದಕ್ಕೆಂದು ಎಂಜಿನ್ನಿನ ಕವಾಟಗಳು ಕೂರುವ ಜಾಗಕ್ಕೆ ಗಟ್ಟಿ ಲೋಹದ ಉಂಗುರಗಳನ್ನು ಹಾಕಿಸಿದ್ದಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇಂದಿಗೂ ದೊಡ್ಡವರಲ್ಲೂ ಇದೆ. "ಆಗಿನ ಕಾರುಗಳು ಗಟ್ಟಿ ಕಬ್ಬಿಣ, ಅಪಘಾತವಾದರೂ ಏನೂ ಆಗ್ತಿರಲಿಲ್ಲ" ಎನ್ನುತ್ತಾರೆ. 2009ರಲ್ಲಿ ಅಮೆರಿಕದ ಒಂದು ರಸ್ತೆ ಸುರಕ್ಷತಾ ಸಂಸ್ಥೆ 1959ರ ಬೆಲ್ ಏರ್ ಕಾರನ್ನೂ ಅದೇ ಕಂಪನಿಯ 2009ರ ಮಾಲಿಬು ಕಾರನ್ನೂ ಎದುರುಬದುರು ಡಿಕ್ಕಿ ಹೊಡೆಸಿ ನೋಡಿತು. ಒಳಗೆ ಬೊಂಬೆಗಳನ್ನು ಕೂರಿಸಿದ್ದರು. ಹೊಸ ಕಾರಿನ ಮೂತಿ ನುಜ್ಜುಗುಜ್ಜಾಯಿತು, ಆದರೆ ಚಾಲಕನ ಬೊಂಬೆ ಕಾಲಿನ ಸಣ್ಣ ಗಾಯದಲ್ಲಿ ಪಾರಾಯಿತು. ಹಳೆಯ ಕಾರಿನಲ್ಲಿ ಕೂರುವ ಜಾಗವೇ ಕುಸಿದು ಸ್ಟೀರಿಂಗು ಬೊಂಬೆಯ ಮೇಲೆ ಬಂತು. ಅಲ್ಲಿ ಮನುಷ್ಯರಿದ್ದಿದ್ದರೆ ಬದುಕುತ್ತಿರಲಿಲ್ಲ. ವೇಗವಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ನೀವು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ, ಅಲ್ಲವೇ? ಈಗಿನ ಕಾರಿನ ಮೂತಿ ಮಾಡುವುದೂ ಅದನ್ನೇ. ತಾನು ಮಡಚಿಕೊಂಡು ಹೊಡೆತವನ್ನು ನುಂಗುತ್ತದೆ, ಒಳಗಿನವರನ್ನು ಗಟ್ಟಿ ಗೂಡಿನಲ್ಲಿ ಕಾಪಾಡುತ್ತದೆ. ಅಜ್ಜ ತಮ್ಮ ಕಾರಿಗೆ ಆಮೇಲೆ ಬೆಲ್ಟುಗಳನ್ನು ಹಾಕಿಸಿಕೊಂಡಿದ್ದಾರೆ. ಮೊಮ್ಮಗನನ್ನು ಕೂರಿಸುವ ಮೊದಲು ಎರಡು ಸಲ ಎಳೆದು ನೋಡಿದರು.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಯಾಕೆ ಹಾಳಾಗಿಲ್ಲ?

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಎರಡು ಬೇಕು: ಆಮ್ಲಜನಕ ಮತ್ತು ನೀರು. ಒಂದು ಇಲ್ಲದಿದ್ದರೂ ತುಕ್ಕಿಲ್ಲ. ಮೂರು ಹೊಸ ಮೊಳೆಗಳನ್ನು ತೆಗೆದುಕೊಳ್ಳಿ. ಒಂದನ್ನು ಒಣ ಅಕ್ಕಿಯ ನಡುವೆ ಹೂತು ಬಾಟಲಿ ಮುಚ್ಚಿ. ಇನ್ನೊಂದನ್ನು ಚೆನ್ನಾಗಿ ಕುದಿಸಿ ಆರಿಸಿದ ನೀರಿಗೆ ಹಾಕಿ ಮೇಲೊಂದು ಪದರ ಎಣ್ಣೆ ಬಿಡಿ. ಕುದಿಸಿದಾಗ ನೀರಲ್ಲಿ ಕರಗಿದ ಗಾಳಿ ಹೊರಟುಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ತಡೆಯುತ್ತದೆ. ಮೂರನೆಯದನ್ನು ಉಪ್ಪುನೀರಿನಲ್ಲಿ ಅರ್ಧ ಮುಳುಗುವಂತೆ ಇಡಿ. ನೀರು ಕುದಿಸಲು ದೊಡ್ಡವರನ್ನು ಕರೆಯಿರಿ. ಒಂದು ವಾರ ಕಾದು ನೋಡಿ. ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ತುಕ್ಕು ಹಿಡಿಯುವಾಗ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಬ್ಯಾಟರಿಗಳು ಕೆಲಸ ಮಾಡುತ್ತಿರುತ್ತವೆ. ಉಪ್ಪು ಅವುಗಳ ಕೆಲಸವನ್ನು ಚುರುಕು ಮಾಡುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಅಲ್ಲಿನ ಎಷ್ಟೋ ಬೆಲ್ ಏರ್‌ಗಳು ಕೆಳಗಿನಿಂದ ತಿಂದುಹೋದದ್ದು ಹೀಗೆ. ನಮ್ಮ ಕರಾವಳಿಯ ಸೈಕಲ್ ಸರಪಳಿಗೂ ಅವಕ್ಕೂ ಒಂದೇ ಕಾಯಿಲೆ.

ತುಕ್ಕಿನ ದೊಡ್ಡ ತೊಂದರೆ ಏನೆಂದರೆ ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬುತ್ತದೆ, ಬಿರುಕು ಬಿಡುತ್ತದೆ, ಹಕ್ಕಳೆಯಂತೆ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ಬೀಳುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಅದೂ ಆಮ್ಲಜನಕದೊಡನೆ ಕೂಡುತ್ತದೆ, ಆದರೆ ಆಗ ಹುಟ್ಟುವ ಪದರ ತೆಳುವಾಗಿ, ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಬೆಲ್ ಏರ್‌ನ ಹಿಂಬದಿಯ ಪಕ್ಕೆಯಲ್ಲಿ ಗೆರೆಗೆರೆಯ ಬೆಳ್ಳಿಬಣ್ಣದ ಹಲಗೆ ಇರುತ್ತದೆ, ಅದು ಅಲ್ಯೂಮಿನಿಯಂ. ಬಂಪರಿನ ಹೊಳಪಿನ ಗುಟ್ಟು ಕ್ರೋಮಿಯಂ: ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ನಿಮ್ಮ ಒಂದು ಕೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತಲೂ ತೆಳುವಾದ ಕ್ರೋಮಿಯಂ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೆಯ ಕಾರುಗಳ ಸಂಗ್ರಹದಲ್ಲಿ ಯಾವ ಲೋಹ ಹೇಗೆ ಉಳಿದಿದೆ ಎಂದು ಹತ್ತಿರದಿಂದ ನೋಡಿ, ಮುಟ್ಟದೆ.

ಟೂಸಾನಿನ ಗಾಳಿ ಒಣಗಾಳಿ. ಹಳೆಯ ವಿಮಾನಗಳನ್ನು ಸಾವಿರಗಟ್ಟಲೆ ಸಾಲಾಗಿ ನಿಲ್ಲಿಸಿಡಲು ಅಮೆರಿಕದ ವಾಯುಪಡೆ ಆರಿಸಿಕೊಂಡದ್ದೂ ಇದೇ ಊರನ್ನು. ಹಾಗೆಂದು ಇಲ್ಲಿ ಶತ್ರುವಿಲ್ಲ ಎಂದಲ್ಲ. ಇಲ್ಲಿನ ಶತ್ರು ಬಿಸಿಲು. ಅದರಲ್ಲಿರುವ ನೇರಳಾತೀತ ಕಿರಣಗಳು ರಬ್ಬರು, ಪ್ಲಾಸ್ಟಿಕ್ಕು, ಸೀಟಿನ ಹೊದಿಕೆಗಳ ಉದ್ದುದ್ದ ಅಣುಸರಪಳಿಗಳನ್ನು ತುಂಡು ಮಾಡುತ್ತವೆ. ಆಗ ಅವು ಬಿರುಕು ಬಿಟ್ಟು ಪುಡಿಯಾಗುತ್ತವೆ. ಅದಕ್ಕೇ ಅಜ್ಜ ಬೆಳಗಿನ ಒಂದು ಗಂಟೆ ಮಾತ್ರ ಕಾರನ್ನು ಹೊರಗೆ ತರುತ್ತಾರೆ. ಬಿಸಿಲೇರುವ ಮೊದಲು ಅದು ನೆರಳಿಗೆ.

ಕಾರನ್ನು ಮುಟ್ಟದೇ ಬಚ್ಚಿಟ್ಟರೆ ಇನ್ನೂ ಚೆನ್ನಾಗಿ ಉಳಿಯುತ್ತಿತ್ತೇನೋ ಎಂದು ನಿಮಗನ್ನಿಸಬಹುದು. ಓಕ್ಲಹೋಮಾ ರಾಜ್ಯದ ಟಲ್ಸಾ ಎಂಬ ಊರಿನವರಿಗೂ ಹಾಗೆಯೇ ಅನ್ನಿಸಿತ್ತು. 1957ರ ಜೂನ್ 15ರಂದು, ರಾಜ್ಯ ಹುಟ್ಟಿ 50 ವರ್ಷ ತುಂಬಿದ ಸಂಭ್ರಮದಲ್ಲಿ, ಅವರು ಹೊಚ್ಚಹೊಸ ಪ್ಲಿಮತ್ ಬೆಲ್ವೆಡೇರ್ ಕಾರೊಂದನ್ನು ನೆಲದಡಿಯ ಕಾಂಕ್ರೀಟ್ ಕೋಣೆಯಲ್ಲಿ ಹೂತರು. ಬಂಗಾರ ಮತ್ತು ಬಿಳಿ ಬಣ್ಣದ ಕಾರು. ಅಣುಬಾಂಬಿಗೂ ಆ ಕೋಣೆ ಜಗ್ಗದು ಎಂದುಕೊಂಡಿದ್ದರು. 2007ರಲ್ಲಿ ಕಾರನ್ನು ಹೊರತೆಗೆಯುವಾಗ ಪೆಟ್ರೋಲೇ ಸಿಗದಿದ್ದರೆ ಎಂದು ಕಾರಿನೊಳಗೆ ಪೆಟ್ರೋಲನ್ನೂ ಇಟ್ಟರು. ಎಂಥ ಮುಂದಾಲೋಚನೆ! ಸರಿಯಾಗಿ 50 ವರ್ಷದ ಮೇಲೆ ಸಾವಿರಾರು ಜನರ ಮುಂದೆ ಹೊದಿಕೆ ತೆಗೆದರು. ಕಾರು ಕೆಸರು ಮೆತ್ತಿದ ತುಕ್ಕಿನ ಗುಡ್ಡೆಯಾಗಿತ್ತು. ಕಾಂಕ್ರೀಟಿನ ಬಿರುಕುಗಳಿಂದ ನೀರು ಒಳಗಿಳಿದು ನಿಂತಿತ್ತು. ಬಾಂಬಿನ ಬಗ್ಗೆ ಯೋಚಿಸಿದ್ದವರಿಗೆ ಮಳೆನೀರು ಇಷ್ಟು ತಾಳ್ಮೆಯಿಂದ ಕಾಯುತ್ತದೆ ಎಂದು ಹೊಳೆದಿರಲಿಲ್ಲ.

ಕಾರಿನ ಪಕ್ಕದಲ್ಲಿ ಒಂದು ಉಕ್ಕಿನ ಪೆಟ್ಟಿಗೆಯೂ ಇತ್ತು. ಅದರ ಮುಚ್ಚಳವನ್ನು ವೆಲ್ಡಿಂಗ್ ಮಾಡಿ ಬಿಗಿದಿದ್ದರು. ಅದನ್ನು ತೆರೆದಾಗ ಒಳಗಿನ ಬಾವುಟ, ಕಾಗದಪತ್ರಗಳು ನಿನ್ನೆ ಇಟ್ಟಂತೆ ಒಣಗಿದ್ದವು. ಒಂದೇ ಗುಂಡಿ, ಒಂದೇ ನೀರು, ಅದೇ ಐವತ್ತು ವರ್ಷ.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದ್ದು ಅಜ್ಜನೇ. ಹೇಳುತ್ತ ಹೇಳುತ್ತ ಬಾಗಿಲಿನ ಕೆಳಗೆ ಕೈಹಾಕಿ, ಒಂದು ಸಣ್ಣ ತೂತನ್ನು ತೋರಿಸಿದರು. ತೊಳೆದಾಗ ಒಳಗೆ ಸೇರಿದ ನೀರು ಹೊರಗೆ ಹೋಗುವ ದಾರಿ. ಎಲೆ, ಧೂಳು ಸೇರಿ ಅದು ಮುಚ್ಚಿಹೋದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒಂದು ತಂತಿಯನ್ನು ಮೊಮ್ಮಗನ ಕೈಗೆ ಕೊಟ್ಟರು. ಅವನು ನೆಲದ ಮೇಲೆ ಮಲಗಿ, ನಾಲಿಗೆ ಕಚ್ಚಿಕೊಂಡು, ತೂತಿನಿಂದ ಒಂದು ಚಿಟಿಕೆ ಮಣ್ಣನ್ನು ಹೊರಗೆ ತೆಗೆದ. ಅವನಿಗೆ ಉತ್ತರ ಸಿಕ್ಕಿತ್ತು.

ಟಲ್ಸಾದವರು ಮುಚ್ಚಿಟ್ಟದ್ದು ಅದೊಂದೇ ಕಾರಲ್ಲ. ಆ ಬೆಲ್ವೆಡೇರ್ ಮೇಲೆ ಬರುವ ಮೊದಲೇ, 1998ರಲ್ಲಿ, ಇನ್ನೊಂದು ಕಾರನ್ನು ಮುಚ್ಚಿಟ್ಟಿದ್ದಾರೆ. ಪ್ಲಿಮತ್ ಪ್ರೌಲರ್ ಎಂದು ಅದರ ಹೆಸರು. ಅದೂ ಛಾವಣಿ ಮಡಚುವ ಕಾರೇ. ಈ ಸಲ ಕೋಣೆ ನೆಲದಡಿಯಲ್ಲಿಲ್ಲ, ನೆಲದ ಮೇಲಿದೆ. ಕಾರಿನ ಮೈಯ ಬಹುಭಾಗ ಅಲ್ಯೂಮಿನಿಯಂ. ಅದನ್ನು ತೆರೆಯಬೇಕಾದದ್ದು 2048ರಲ್ಲಿ. ಮೊಮ್ಮಗ ಬೆರಳೆಣಿಸಿ ಆಗ ತನಗೆಷ್ಟು ವಯಸ್ಸು ಎಂದು ಲೆಕ್ಕ ಹಾಕಿಕೊಂಡಿದ್ದಾನೆ. ನಿಮಗೆಷ್ಟಾಗಿರುತ್ತದೆ?